ವಕೀಲರನ್ನು ಕೇಳಿ: ಅಮೆರಿಕದಲ್ಲಿ ನಾಗರಿಕ ಹಕ್ಕಿನ ಕೇಸು, ಕಂಪನಿಗಳ ಕೇಸು ಎರಡನ್ನೂ ನಡೆಸುವುದು ಹೇಗೆ?

ಈ ಸಲದ ಪ್ರಶ್ನೋತ್ತರಕ್ಕೆ ಶಿಕಾಗೋದಲ್ಲಿ ವಕೀಲಿ ಮಾಡುತ್ತಿರುವ ನಮ್ಮ ಗುಂಪಿನ ಸದಸ್ಯರೊಬ್ಬರು ಒಪ್ಪಿಕೊಂಡಿದ್ದಾರೆ. ಪೊಲೀಸ್ ದೌರ್ಜನ್ಯ, ಕೆಲಸದಲ್ಲಿನ ತಾರತಮ್ಯದಂಥ ಕೇಸುಗಳ ಜೊತೆಗೆ ಕಂಪನಿಗಳ ಒಪ್ಪಂದದ ವ್ಯಾಜ್ಯಗಳನ್ನೂ ನಡೆಸುತ್ತಾರೆ. ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ.

ಪ್ರಶ್ನೆ: ಮಗಳು ಡಿಗ್ರಿ ಕೊನೇ ವರ್ಷ. ಲಾ ಸ್ಕೂಲ್ ಸೇರಿ ಸಿವಿಲ್ ರೈಟ್ಸ್ ಅಟಾರ್ನಿ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಕೈಯಲ್ಲಿ ಕಾಸಿಲ್ಲದವರ ಕೇಸು ಹಿಡಿದ್ರೆ ಫೀಸು ಯಾರು ಕೊಡ್ತಾರೆ? ನೀವು ಕಂಪನಿ ಕೇಸೂ ಮಾಡ್ತೀರಲ್ಲ, ಎರಡು ದೋಣಿ ಮೇಲೆ ಕಾಲಿಟ್ಟ ಹಾಗಲ್ವಾ?

ಉತ್ತರ: ಮೊದಲು ಫೀಸಿನ ಮಾತು. ಇಲ್ಲಿ ಸಾಮಾನ್ಯವಾಗಿ ಗೆದ್ದರೂ ಸೋತರೂ ಅವರವರ ವಕೀಲರ ಖರ್ಚು ಅವರವರದೇ. ನಾಗರಿಕ ಹಕ್ಕಿನ ದಾವೆಗಳಿಗೆ 1976ರಲ್ಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಬೇರೆ ದಾರಿ ಮಾಡಿಕೊಟ್ಟಿತು. ಫಿರ್ಯಾದಿ ಗೆದ್ದರೆ ಅವರ ವಕೀಲರ ಫೀಸನ್ನು ಸೋತ ಕಡೆಯಿಂದ ಕೊಡಿಸಬಹುದು. ಸೆಕ್ಷನ್ 1988 ಅನ್ನುವುದು ಇದನ್ನೇ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನಲ್ಲಿ 1975ರಲ್ಲಿ ಪೊಲೀಸರು ವಾರಂಟಿಲ್ಲದೆ ಒಂದು ಮನೆಯ ಪಾರ್ಟಿಗೆ ನುಗ್ಗಿ ಅಶ್ರುವಾಯು ಬಿಟ್ಟರು. ಜ್ಯೂರಿ ಕೊಡಿಸಿದ ಪರಿಹಾರ 33,350 ಡಾಲರ್. ವಕೀಲರಿಗೆ ಸಿಕ್ಕ ಫೀಸು 2,45,456 ಡಾಲರಿಗೂ ತುಸು ಮೇಲೆ. ಇದು ಅತಿಯಾಯಿತೆಂದು ನಗರಾಡಳಿತ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1986ರಲ್ಲಿ ಒಂದೇ ಮತದ ಅಂತರದಲ್ಲಿ ಆ ಫೀಸು ಉಳಿಯಿತು. ಆ ತೀರ್ಪು ಇರದಿದ್ದರೆ ಸಣ್ಣ ಮೊತ್ತದ, ದೊಡ್ಡ ಅನ್ಯಾಯದ ಕೇಸುಗಳನ್ನು ಮುಟ್ಟುವವರೇ ಇರುತ್ತಿರಲಿಲ್ಲ.

ಆದರೆ ಆ ದುಡ್ಡು ಬರುವುದು ಗೆದ್ದ ಮೇಲೆ, ಎಷ್ಟೋ ಸಲ ವರ್ಷಗಳ ನಂತರ. ಕಳೆದ ವರ್ಷಗಳಲ್ಲಿ ದಾರಿ ಇನ್ನೂ ಕಿರಿದಾಗಿದೆ. 2025ರ ಫೆಬ್ರುವರಿಯಲ್ಲಿ ವರ್ಜೀನಿಯಾದ ಚಾಲನಾ ಪರವಾನಗಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇನೆಂದರೆ, ಮಧ್ಯಂತರ ತಡೆಯಾಜ್ಞೆ ಸಿಕ್ಕ ಮೇಲೆ ಸರ್ಕಾರವೇ ದಾವೆಗೆ ಕಾರಣವಾದ ಕಾನೂನನ್ನು ಕೈಬಿಟ್ಟರೆ ಫಿರ್ಯಾದಿಯನ್ನು 'ಗೆದ್ದವರು' ಎನ್ನಲಾಗದು. ಅಂದರೆ ಫೀಸೂ ಇಲ್ಲ. ನನಗೆ ಈ ತೀರ್ಪು ಸರಿ ಕಾಣುವುದಿಲ್ಲ.

ಹಾಗಾಗಿ ತಿಂಗಳ ಸಂಬಳ, ಬಾಡಿಗೆ ತೂಗಿಸುವುದು ಗಂಟೆ ಲೆಕ್ಕದಲ್ಲಿ ಫೀಸು ಕೊಡುವ ಕಂಪನಿ ಕೇಸುಗಳು. ಆದರೂ ಅವನ್ನು ಬರೀ ಹೊಟ್ಟೆಪಾಡು ಎನ್ನಲಾರೆ. ಸಾಕ್ಷ್ಯ ಹುಡುಕುವುದನ್ನು ನಾನು ಕಲಿತದ್ದೇ ಅಲ್ಲಿ. ಮುಂದಿನ ಉತ್ತರ ನೋಡಿ.

ಸಾಲದ ಬಗ್ಗೆ ಒಂದು ಮಾತು. ಲಾ ಸ್ಕೂಲ್ ಮೂರು ವರ್ಷ. 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ದಾಟುವಂತಿಲ್ಲ. ಹೆಸರುವಾಸಿ ಶಾಲೆಗಿಂತ ವಿದ್ಯಾರ್ಥಿವೇತನ ಕೊಡುವ ಶಾಲೆ ಈ ವೃತ್ತಿಗೆ ಎಷ್ಟೋ ಮೇಲು.

ಪ್ರಶ್ನೆ: ದಿನವಿಡೀ ಏನ್ ಕೆಲ್ಸ ಇರುತ್ತೆ ಸಾರ್? ಕೋರ್ಟಲ್ಲಿ ವಾದ ಮಾಡೋದಾ?

ಉತ್ತರ: ವಾದ ಕಡಿಮೆ, ಓದು ಹೆಚ್ಚು. ಇಲ್ಲಿ ವಿಚಾರಣೆಗೆ ಮುಂಚೆಯೇ ಎರಡೂ ಕಡೆಯವರು ತಮ್ಮಲ್ಲಿರುವ ದಾಖಲೆ, ಇಮೇಲು, ವಿಡಿಯೋ ಹಂಚಿಕೊಳ್ಳಬೇಕು. ಅದು ಡಿಸ್ಕವರಿ. ಆಮೇಲೆ ಸಾಕ್ಷಿಗಳನ್ನು ಪ್ರಮಾಣ ಮಾಡಿಸಿ ಕಚೇರಿಯಲ್ಲೇ ಪ್ರಶ್ನಿಸುವ ಡಿಪೊಸಿಷನ್. ಫೆಡರಲ್ ನಿಯಮದ ಪ್ರಕಾರ ಒಂದು ಕಡೆಗೆ 10, ಒಂದೊಂದಕ್ಕೆ 7 ಗಂಟೆ. ಅದಕ್ಕೂ ಹೆಚ್ಚು ಬೇಕಾದರೆ ಎದುರು ಪಕ್ಷ ಒಪ್ಪಬೇಕು, ಇಲ್ಲ ಕೋರ್ಟಿನ ಅಪ್ಪಣೆ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಪೊಲೀಸರ ಮೈಮೇಲಿನ ಕ್ಯಾಮೆರಾದಲ್ಲಿ ಗುಂಡಿ ಒತ್ತುವ ಮುಂಚಿನ ಸ್ವಲ್ಪ ಹೊತ್ತಿನ ಚಿತ್ರವೂ ಉಳಿದಿರುತ್ತದೆ, ಸಾಮಾನ್ಯವಾಗಿ 30 ಸೆಕೆಂಡು. ಆ ಭಾಗಕ್ಕೆ ಬಹುತೇಕ ಶಬ್ದ ಇರುವುದಿಲ್ಲ. ಕಕ್ಷಿದಾರರು ನೋಡಿದ ಕೂಡಲೇ 'ಧ್ವನಿ ಅಳಿಸಿಬಿಟ್ಟಿದ್ದಾರೆ' ಎನ್ನುತ್ತಾರೆ. ಅಳಿಸಿರುವುದಿಲ್ಲ, ಯಂತ್ರ ಇರುವುದೇ ಹಾಗೆ. ಆದರೆ 'ಮೂರು ಸಲ ಎಚ್ಚರಿಕೆ ಕೊಟ್ಟು ಆಮೇಲೆ ಹಿಡಿದೆ' ಎಂದು ಅಧಿಕಾರಿ ಬರೆದಿದ್ದಾರಲ್ಲ, ಆ ಎಚ್ಚರಿಕೆ ಈ ಮೂಕ ಭಾಗದಲ್ಲೇ ಬಂದಿರಬೇಕಾದರೆ? ಆಗ ಪಕ್ಕದ ಅಧಿಕಾರಿಯ ಕ್ಯಾಮೆರಾ ಹುಡುಕುತ್ತೇನೆ. ಅದು ಅಷ್ಟರಲ್ಲಿ ಚಾಲೂ ಆಗಿದ್ದರೆ ಧ್ವನಿ ಅದರಲ್ಲಿ ಇದ್ದೇ ಇರುತ್ತದೆ. ಇನ್ನೊಂದು ತೊಡಕು ಗಡಿಯಾರದ್ದು. ಎಷ್ಟೋ ವಿಡಿಯೋಗಳ ಮೂಲೆಯಲ್ಲಿ ಕಾಣುವುದು ಜಾಗತಿಕ ಸಮಯ, ಶಿಕಾಗೋ ಸಮಯಕ್ಕಿಂತ ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 6 ಗಂಟೆ ಮುಂದೆ. ಕಂಟ್ರೋಲ್ ರೂಮಿನ ಕರೆ ದಾಖಲೆಯದು ಸ್ಥಳೀಯ ಸಮಯ. ಎರಡನ್ನೂ ಒಂದು ಸಾಲಿಗೆ ತಂದು ಸೆಕೆಂಡು ಸೆಕೆಂಡು ಜೋಡಿಸಿದ ಮೇಲೆ ಡಿಪೊಸಿಷನ್‌ನಲ್ಲಿ ಕೇಳಬೇಕಾದ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ.

ಒಪ್ಪಂದದ ಕೇಸಿನಲ್ಲೂ ಇದೇ ಕೆಲಸ. 'ಶುಕ್ರವಾರ ಸಂಜೆ ಐದರೊಳಗೆ ನೋಟಿಸು' ಎಂಬ ಷರತ್ತಿದ್ದರೆ ಇಮೇಲಿನ ಒಳದಾಖಲೆಯಲ್ಲಿರುವ ಸಮಯ ಯಾವ ಊರಿನದು ಎನ್ನುವುದರ ಮೇಲೆ ಕೋಟಿಗಟ್ಟಲೆ ಹಣ ನಿಂತಿರುತ್ತದೆ.

ಪ್ರಶ್ನೆ: ನನ್ನದು ಸಣ್ಣ ಸಾಫ್ಟ್‌ವೇರ್ ಕಂಪನಿ. ಒಬ್ಬ ಕ್ಲೈಂಟ್ ನಮ್ಮ ಬಣ್ಣ, ಮೂಲದ ಬಗ್ಗೆ ಹೀನಾಯವಾಗಿ ಮಾತಾಡಿ ಆಮೇಲೆ ಕಾಂಟ್ರಾಕ್ಟ್ ಮುರಿದ. ಇದು ನಾಗರಿಕ ಹಕ್ಕಿನ ಕೇಸೋ, ಬಿಸಿನೆಸ್ ಕೇಸೋ?

ಉತ್ತರ: ಎರಡೂ ಆಗಬಹುದು. ನನ್ನ ಎರಡು ಕಸುಬೂ ಒಂದಾಗುವ ಜಾಗ ಇದು. ಗುಲಾಮಗಿರಿ ಮುಗಿದ ಬೆನ್ನಿಗೇ, 1866ರಲ್ಲಿ ಬಂದ ಮೊದಲ ನಾಗರಿಕ ಹಕ್ಕು ಕಾಯಿದೆಯಲ್ಲೇ ಒಪ್ಪಂದ ಮಾಡಿಕೊಳ್ಳುವ, ಅದನ್ನು ಜಾರಿ ಮಾಡಿಸಿಕೊಳ್ಳುವ ಸಮಾನ ಹಕ್ಕು ಇತ್ತು. ದುಡಿದು, ವ್ಯಾಪಾರ ಮಾಡಿ ಬದುಕಲು ಬಿಡದೆ ಸ್ವಾತಂತ್ರ್ಯ ಕೊಟ್ಟೆವೆಂದರೆ ಏನು ಬಂತು? ಅದು ಈಗ ಸೆಕ್ಷನ್ 1981. ವಂಶಮೂಲದ ಕಾರಣಕ್ಕೆ ಮಾಡುವ ತಾರತಮ್ಯವೂ ಇದರಲ್ಲಿ ಸೇರುತ್ತದೆಂದು 1987ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೆಲಸದಲ್ಲಿನ ತಾರತಮ್ಯ ತಡೆಯುವ ಟೈಟಲ್ 7 ಎಂಬ ಕಾನೂನು ಉದ್ಯೋಗಿಗಳಿಗಷ್ಟೆ, ಪರಿಹಾರಕ್ಕೂ ಮಿತಿಯಿದೆ. ಸೆಕ್ಷನ್ 1981 ಗುತ್ತಿಗೆದಾರರಿಗೂ ಸಲ್ಲುತ್ತದೆ, ಮಿತಿಯೂ ಇಲ್ಲ.

ಕಷ್ಟ ಎಲ್ಲಿ ಅಂದರೆ, ಜನಾಂಗದ ಕಾರಣ ಇಲ್ಲದಿದ್ದರೆ ಒಪ್ಪಂದ ಮುರಿಯುತ್ತಲೇ ಇರಲಿಲ್ಲ ಎಂದು ನೀವು ತೋರಿಸಬೇಕು. 2020ರ ಕಾಮ್‌ಕಾಸ್ಟ್ ತೀರ್ಪು ಹಾಗೆನ್ನುತ್ತದೆ. ಇನ್ನೊಂದು, ಒಪ್ಪಂದ ಕಂಪನಿಯ ಹೆಸರಿನಲ್ಲಿದ್ದರೆ ಮಾಲೀಕರು ಸ್ವಂತ ಹೆಸರಿನಲ್ಲಿ ದಾವೆ ಹೂಡಲಾಗದು. 2006ರ ಡೊಮಿನೋಸ್ ಪಿಜ್ಜಾ ಕೇಸಿನಲ್ಲಿ ಫಿರ್ಯಾದಿ ಎಡವಿದ್ದು ಇಲ್ಲೇ. ಮೀಟಿಂಗಿನ ಟಿಪ್ಪಣಿ, ಚಾಟ್, ಹಾಜರಿದ್ದವರ ಹೆಸರು ಈ ಹೊತ್ತೇ ತೆಗೆದಿಡಿ. ಏನನ್ನೂ ಅಳಿಸಬೇಡಿ, ನಿಮಗೆ ವಿರುದ್ಧವಾದದ್ದನ್ನು ಕೂಡ.

ಪ್ರಶ್ನೆ: ಅಪ್ಪ ಅಮ್ಮ ಇಲ್ಲಿಗೆ ಬಂದಾಗ ವಾಕಿಂಗ್ ಹೋಗೋಕೂ ಭಯ. ಅಲಬಾಮಾದಲ್ಲಿ ಆ ಗುಜರಾತಿ ಅಜ್ಜನಿಗೆ ಆದ ಕೇಸು ಏನಾಯ್ತು?

ಉತ್ತರ: ಸುರೇಶ್‌ಭಾಯ್ ಪಟೇಲ್. 2015ರ ಫೆಬ್ರುವರಿಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳಲು ಮ್ಯಾಡಿಸನ್‌ಗೆ ಬಂದಿದ್ದರು, 57 ವರ್ಷ. ಬೀದಿಯಲ್ಲಿ ನಡೆಯುತ್ತಿದ್ದಾಗ ಯಾರೋ ಅನುಮಾನಪಟ್ಟು ಪೊಲೀಸರನ್ನು ಕರೆದರು. ಇಂಗ್ಲಿಷ್ ಬಾರದ ಆ ಮನುಷ್ಯನನ್ನು ಅಧಿಕಾರಿ ನೆಲಕ್ಕೆ ಕೆಡವಿದ ಏಟಿಗೆ ಬೆನ್ನುಹುರಿಗೇ ಪೆಟ್ಟಾಯಿತು. ಕ್ರಿಮಿನಲ್ ಕೇಸಿನಲ್ಲಿ ಎರಡು ಸಲವೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಖುಲಾಸೆ ಮಾಡಿದರು. ಎಲ್ಲರೂ ಅಲ್ಲಿಗೆ ಮುಗಿಯಿತೆಂದುಕೊಂಡರು. ಸಿವಿಲ್ ದಾವೆ ಮಾತ್ರ ನಡೆಯುತ್ತಲೇ ಇತ್ತು. ಸರ್ಕಾರಿ ಅಧಿಕಾರಿಗಳನ್ನು ಇಂಥ ದಾವೆಗಳಿಂದ ಕಾಯುವ 'ಅರ್ಹ ರಕ್ಷಣೆ' ಎಂಬ ಗುರಾಣಿಯನ್ನು ಅಧಿಕಾರಿ ಕೇಳಿದರು, ಅದನ್ನು 2020ರಲ್ಲಿ ಮೇಲ್ಮನವಿ ಕೋರ್ಟೂ ಕೊಡಲಿಲ್ಲ. ಮರುವರ್ಷ 17.5 ಲಕ್ಷ ಡಾಲರಿಗೆ ರಾಜಿಯಾಯಿತು. ಸಿವಿಲ್ ದಾವೆಯಲ್ಲಿ ಸಂಶಯಾತೀತವಾಗಿ ರುಜುವಾತು ಮಾಡಬೇಕಿಲ್ಲ, ಸಾಕ್ಷ್ಯ ನಮ್ಮ ಕಡೆ ತುಸು ವಾಲಿದರೂ ಸಾಕು.

ಇಂಥದ್ದು ಯಾರಿಗಾದರೂ ಆದರೆ ತಡ ಮಾಡಬೇಡಿ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ, ಅಧಿಕಾರಿಗಳು ಹಕ್ಕು ಕಸಿದರೆ ಹೂಡುವ ಸೆಕ್ಷನ್ 1983 ದಾವೆಯನ್ನು ಪೊಲೀಸರ ಮೇಲೆ ಹಾಕಲು ಎರಡೇ ವರ್ಷ ಗಡುವು.

ಪ್ರಶ್ನೆ: ಬೆಂಗಳೂರಲ್ಲಿ ಅಡ್ವೊಕೇಟ್, ಐದು ವರ್ಷದ ಎಲ್ಎಲ್‌ಬಿ. ಅಲ್ಲಿ ಪ್ರಾಕ್ಟೀಸ್ ಮಾಡ್ಬಹುದಾ?

ಉತ್ತರ: ನ್ಯೂಯಾರ್ಕ್‌ನಲ್ಲಿ ಮೊದಲು ನಿಮ್ಮ ಪದವಿಯನ್ನು ಪರಿಶೀಲನೆಗೆ ಕಳಿಸಿ. ಓದಿನ ಅವಧಿ, ಕಾಮನ್ ಲಾ (ಇಂಗ್ಲೆಂಡ್ ಮೂಲದ ಕಾನೂನು ಪದ್ಧತಿ) ತಳಹದಿ ಎರಡೂ ಸರಿಹೊಂದಿದರೆ ವಕೀಲಿ ಪರವಾನಗಿಯ ಬಾರ್ ಪರೀಕ್ಷೆಗೆ ಕೂರಬಹುದು. ಎರಡರಲ್ಲಿ ಒಂದು ಕೊರತೆಯಿದ್ದರೆ 24 ಕ್ರೆಡಿಟ್‌ಗಳ ಎಲ್ಎಲ್‌ಎಂ ಬೇಕು. ಕ್ಯಾಲಿಫೋರ್ನಿಯಾ ಕೂಡ ಹೊರದೇಶದ ವಕೀಲರಿಗೆ ಪರೀಕ್ಷೆ ಬರೆಯಲು ಬಿಡುತ್ತದೆ. ವೀಸಾ ಬೇರೆಯೇ ಕಥೆ.

ಆದರೆ ಈ ಜೋಡಿ ಕಸುಬು ಬೆಂಗಳೂರಲ್ಲೂ ಸಾಧ್ಯ. 2015ರ ವಾಣಿಜ್ಯ ನ್ಯಾಯಾಲಯ ಕಾಯಿದೆಯಡಿ ದಾವೆಯ ಕನಿಷ್ಠ ಮೊತ್ತ 2018ರಲ್ಲಿ 3 ಲಕ್ಷ ರೂಪಾಯಿಗೆ ಇಳಿದ ಮೇಲೆ ಸಣ್ಣ ವ್ಯಾಪಾರಿಗಳ ದಾವೆಗಳೂ ಅದರಡಿ ಬರುತ್ತಿವೆ. ಇನ್ನೊಂದು ಕಡೆ, 1993ರ ನೀಲಾಬತಿ ಬೆಹೆರಾ ಕೇಸಿನಿಂದ ಲಾಕಪ್ ಸಾವಿಗೆ ರಿಟ್ ಅರ್ಜಿಯಲ್ಲೇ ಪರಿಹಾರ ಕೇಳುವ ದಾರಿ ಗಟ್ಟಿಯಾಗಿದೆ. ಹೈಕೋರ್ಟಿನ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಸಂವಿಧಾನದ 226ನೇ ವಿಧಿಯ ಅಡಿ ಹಾಕಬಹುದು. ಅಲ್ಲಿ ಗೆಲುವಿನಲ್ಲಿ ಪಾಲು ಎಂಬ ಫೀಸಿಗೆ ಬಾರ್ ಕೌನ್ಸಿಲ್ ನಿಷೇಧವಿದೆ, ಸೆಕ್ಷನ್ 1988ರಂಥ ಆಸರೆಯೂ ಇಲ್ಲ. ಆದ್ದರಿಂದ ಪ್ರತಿ ತಿಂಗಳು ಫೀಸು ಕಟ್ಟುವ ಎರಡು ಮೂರು ವಾಣಿಜ್ಯ ಕಕ್ಷಿದಾರರನ್ನು ಮೊದಲು ಗಳಿಸಿಕೊಳ್ಳಿ. ರಿಟ್ ಕೇಸನ್ನು ಆಗ ದುಡ್ಡಿನ ಮುಖ ನೋಡದೆ ಕೈಗೆತ್ತಿಕೊಳ್ಳಬಹುದು.