ಒಂದೇ ಗಾಜಿನ ಎರಡು ತುದಿಗಳಲ್ಲಿ ಬೇರೆ ಬೇರೆ ಟಿಜಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಜರ್ಮೇನಿಯಂ–ಸೆಲೆನಿಯಂ ಗಾಜುಗಳನ್ನು ತಯಾರಿಸುತ್ತಿದ್ದೇನೆ. ಶುದ್ಧ ಸೆಲೆನಿಯಂನಲ್ಲಿ ಪರಮಾಣುವಿಗೆ ಎರಡೇ ಬಂಧಗಳಿರುವುದರಿಂದ ಮುಖ್ಯವಾಗಿ ಉದ್ದನೆಯ ಸರಪಳಿಗಳಿರುತ್ತವೆ ಮತ್ತು ಗಾಜು ಮೆದುವಾಗುವ ಉಷ್ಣತೆ, ಅಂದರೆ ಟಿಜಿ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ ಮಾತ್ರ. ನಾಲ್ಕು ಬಂಧಗಳ ಜರ್ಮೇನಿಯಂ ಸೇರಿದಂತೆಲ್ಲ ಸರಪಳಿಗಳು ಅಡ್ಡಡ್ಡ ಹೆಣೆದುಕೊಂಡು ಟಿಜಿ ಏರುತ್ತದೆ. ಶೇಕಡಾ 20 ಜರ್ಮೇನಿಯಂ ಇರುವ ಸಂಯೋಜನೆ ನನಗೆ ಬಹಳ ಮುಖ್ಯ, ಏಕೆಂದರೆ ಸರಾಸರಿ ಬಂಧಸಂಖ್ಯೆ 2.4 ಆಗುವ ಅಲ್ಲಿಯೇ ಜಾಲವು ಸಡಿಲ ಸ್ಥಿತಿಯಿಂದ ಬಿಗಿ ಸ್ಥಿತಿಗೆ ತಿರುಗುತ್ತದೆ ಎಂದು ಫಿಲಿಪ್ಸ್ ಮತ್ತು ಥಾರ್ಪ್ ಅವರ ಸಿದ್ಧಾಂತ ಹೇಳುತ್ತದೆ.

ನಿರ್ವಾತದಲ್ಲಿ ಮುಚ್ಚಿದ ಕ್ವಾರ್ಟ್ಜ್ ಕೊಳವೆಯನ್ನು 950 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಆಗಾಗ ಅಲುಗಾಡಿಸಿ, ನೀರಿನಲ್ಲಿ ಅದ್ದಿ ತಣಿಸಿದೆ. ಗಾಜು ನೋಡಲು ಚೆನ್ನಾಗಿಯೇ ಬಂದಿದೆ. ತೆಳುವಾದ ಚೂರನ್ನು ಬೆಳಕಿಗೆ ಹಿಡಿದರೆ ಅಂಚು ಕಡುಗೆಂಪಾಗಿ ಕಾಣುತ್ತದೆ, ಗುಳ್ಳೆಯಾಗಲಿ ಹರಳಾಗಲಿ ಇಲ್ಲ. ಆದರೆ ನಿಮಿಷಕ್ಕೆ 10 ಡಿಗ್ರಿಯಂತೆ ಡಿಎಸ್‌ಸಿ (ಮಾದರಿಯನ್ನು ಕಾಯಿಸುತ್ತಾ ಅದು ಹೀರುವ ಶಾಖವನ್ನು ಅಳೆಯುವ ಪರೀಕ್ಷೆ) ಮಾಡಿದಾಗ ಮೇಲ್ತುದಿಯ ಚೂರಿಗಿಂತ ತಳದ ಚೂರಿನ ಟಿಜಿ 8 ಡಿಗ್ರಿ ಹೆಚ್ಚು ಬಂದಿದೆ. ತೂಕವನ್ನು ಮರಳಿ ಪರೀಕ್ಷಿಸಿದೆ, ಕರಗುವ ಉಷ್ಣತೆ ಖಚಿತವಾಗಿ ಗೊತ್ತಿರುವ ಇಂಡಿಯಂ ಲೋಹದಿಂದ ಉಪಕರಣವನ್ನು ಸರಿಹೊಂದಿಸಿದೆ, ಎರಡೂ ಚೂರುಗಳನ್ನು ಎರಡನೇ ಸಲ ಕಾಯಿಸಿ ನೋಡಿದೆ. ಅಂತರ ಮಾತ್ರ ಹಾಗೆಯೇ ಉಳಿದಿದೆ.

ನನ್ನ ಗೊಂದಲ ಇಷ್ಟೇ: ದ್ರವ ಸರಿಯಾಗಿ ಬೆರೆಯದೆ ತಳದಲ್ಲಿ ಜರ್ಮೇನಿಯಂ ಹೆಚ್ಚಾಗಿದೆಯೇ, ಅಥವಾ ಎರಡು ತುದಿಗಳು ತಣಿದ ವೇಗ ಬೇರೆಯಾದದ್ದು ಕಾರಣವೇ? ಟಿಜಿ ದಾಟಿ ಒಮ್ಮೆ ಕಾಯಿಸಿದರೆ ತಣಿದ ವೇಗದ ಪರಿಣಾಮ ಅಳಿಸಿಹೋಗಬೇಕು; ಎರಡನೇ ಕಾಯಿಸುವಿಕೆಯಲ್ಲೂ ಅಂತರ ಉಳಿದಿರುವುದರಿಂದ ಮೊದಲನೆಯದೇ ಇರಬೇಕೆಂದು ನನಗನಿಸುತ್ತದೆ. ಕೊಳವೆಯ ಉದ್ದಕ್ಕೂ ರಾಮನ್ ರೋಹಿತ (ಚದುರಿದ ಲೇಸರ್ ಬೆಳಕಿನಿಂದ ಬಂಧಗಳ ಕಂಪನ ತೋರಿಸುವ ನಕ್ಷೆ) ತೆಗೆದು, ಜರ್ಮೇನಿಯಂ–ಸೆಲೆನಿಯಂ ಘಟಕಗಳಿಂದ ಬರುವ 200 ಮತ್ತು 215 cm⁻¹ ಸುತ್ತಲಿನ ಶಿಖರಗಳನ್ನು ಹೋಲಿಸಿದರೆ ಇದು ಖಚಿತವಾಗುತ್ತದೆಯೇ, ಮತ್ತು 2 ಗ್ರಾಂ ಮಾದರಿಯನ್ನು ಎಷ್ಟು ದಿನ ಕರಗಿಸಿಡಬೇಕು?