ಮಾದರಿ ರೈಲಿನ ನಿಯಂತ್ರಣ ಫಲಕ: ದೀಪ ಸೇರಿಸಿದ ಮೇಲೆ ಪಾಯಿಂಟ್ ಮರಳಿ ಬರುತ್ತಿಲ್ಲ

ಪ್ರಶ್ನೆ

ನಮಸ್ಕಾರ. ನನ್ನ ಮಾದರಿ ರೈಲುಮಾರ್ಗದಲ್ಲಿ ಎಂಟು ಪಾಯಿಂಟ್‌ಗಳಿದ್ದು (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಗಳು), ಪ್ರತಿಯೊಂದಕ್ಕೂ ಹಲಗೆಯ ಅಡಿಯಲ್ಲಿ ಅದನ್ನು ಸರಿಸುವ ಟಾರ್ಟಾಯ್ಸ್ ಮೋಟಾರು ಕೂರಿಸಿದ್ದೇನೆ. 12 ವೋಲ್ಟ್ ಡಿಸಿ ವಿದ್ಯುತ್ತನ್ನು ಡಿಪಿಡಿಟಿ ಟಾಗಲ್ ಸ್ವಿಚ್‌ನ (ಆರು ಕಾಲುಗಳಿದ್ದು, ಎರಡು ಸಾಲುಗಳನ್ನು ಒಟ್ಟಿಗೇ ಬದಲಿಸುವ ಸ್ವಿಚ್) ಒಂದು ತುದಿಯ ಎರಡು ಕಾಲುಗಳಿಗೆ ಕೊಟ್ಟು, ಅಲ್ಲಿಂದ ಇನ್ನೊಂದು ತುದಿಯ ಕಾಲುಗಳಿಗೆ ಗುಣಾಕಾರ ಚಿಹ್ನೆಯಂತೆ ತಂತಿ ಬೆಸೆದು, ನಡುವಿನ ಕಾಲುಗಳಿಂದ ಮೋಟಾರಿಗೆ ಎಳೆದಿದ್ದೇನೆ. ಅಲ್ಲಿಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಪಾಯಿಂಟ್ ಯಾವ ಹಳಿಗೆ ಹೊಂದಿದೆ ಎಂದು ಫಲಕದ ನಕ್ಷೆಯಲ್ಲಿ ತೋರಿಸಲು, ಒಂದು ಹಸಿರು ಎಲ್‌ಇಡಿಯನ್ನು 1000 ಓಮ್ ರೆಸಿಸ್ಟರ್‌ನೊಡನೆ ಮೋಟಾರಿನ ತಂತಿಯ ನಡುವೆ ಸರಣಿಯಲ್ಲಿ ಸೇರಿಸಿದೆ. ಈಗ ಪಾಯಿಂಟ್ ಒಂದು ಕಡೆಗೆ ತೆವಳುತ್ತಾ ಹೋಗುತ್ತದೆ, ಅಲ್ಲಿಂದ ಮರಳಿ ಬರುವುದೇ ಇಲ್ಲ. ಸ್ವಿಚ್ ಬದಲಿಸಿದರೂ ಫಲ ಅದೇ. ಇದಲ್ಲದೆ, ಬ್ಲಾಕ್ (ಬೇರೆಯಾಗಿ ವಿದ್ಯುತ್ ಕೊಡುವ ಹಳಿಯ ತುಂಡು) ದೀಪಗಳಿಗೆ ಹಳಿಯಿಂದಲೇ ವಿದ್ಯುತ್ ತೆಗೆದಿರುವುದರಿಂದ ರೈಲು ನಿಂತೊಡನೆ ಅವು ಆರಿಹೋಗುತ್ತವೆ. ತಪ್ಪು ಎಲ್ಲಿದೆ?

ಉತ್ತರ 1

ಪಾಯಿಂಟ್‌ನ ವಿಷಯದಲ್ಲಿ ಎರಡು ತಪ್ಪುಗಳು ಒಟ್ಟಿಗೆ ಸೇರಿಕೊಂಡಿವೆ. ಎಲ್‌ಇಡಿ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ನಿಮ್ಮ ಮೋಟಾರಾದರೋ ಧ್ರುವ ಅದಲುಬದಲಾದಾಗ ಮಾತ್ರ ಹಿಂದಿರುಗುವಂಥದ್ದು. ಆದ್ದರಿಂದ ಹೋಗುವ ದಾರಿ ತೆರೆದಿದೆ, ಬರುವ ದಾರಿ ಮುಚ್ಚಿದೆ. ಮುಚ್ಚಿದ ದಿಕ್ಕಿನಲ್ಲಿ ಸಾಮಾನ್ಯ ಎಲ್‌ಇಡಿ ತಡೆಯಬಲ್ಲದ್ದು ಸುಮಾರು 5 ವೋಲ್ಟ್ ಮಾತ್ರ, ಅದರ ಮೇಲೆ ಬೀಳುತ್ತಿರುವುದು 12. ಹಾಗಾಗಿ ಅದೇ ಎಲ್‌ಇಡಿಯನ್ನು ಮತ್ತೆ ಬಳಸುವ ಮುನ್ನ ಪರೀಕ್ಷಿಸಿ.

ತೆವಳುವುದಕ್ಕೆ ಕಾರಣ ರೆಸಿಸ್ಟರ್. ಎಲ್‌ಇಡಿ ಇದ್ದಲ್ಲಿ ರೆಸಿಸ್ಟರ್ ಇರಲೇಬೇಕು ಎಂದು ನಾವೆಲ್ಲ ಕಲಿತಿರುವುದು ಸರಿಯೇ, ಆದರೆ ಇಲ್ಲಿ ಆ ಕೆಲಸವನ್ನು ಮೋಟಾರೇ ಮಾಡುತ್ತಿದೆ. ಕೊನೆ ಮುಟ್ಟಿ ನಿಂತಾಗಲೂ ಅದು 12 ವೋಲ್ಟ್‌ಗೆ ಎಳೆಯುವುದು ಸುಮಾರು 15 ಮಿಲಿಆಂಪಿಯರ್. ಅಂದರೆ ಅದೇ 800 ಓಮ್ ರೆಸಿಸ್ಟರ್ ಇದ್ದ ಹಾಗೆ. ಎಲ್‌ಇಡಿ 2 ವೋಲ್ಟ್ ತಿಂದ ಮೇಲೆ ಉಳಿದ 10 ವೋಲ್ಟ್ 1800 ಓಮ್‌ಗಳಲ್ಲಿ ಹಂಚಿಹೋದರೆ ಮೋಟಾರಿಗೆ ದಕ್ಕುವುದು ನಾಲ್ಕೂವರೆ ವೋಲ್ಟ್‌ಗೂ ಕಡಿಮೆ.

ರೆಸಿಸ್ಟರ್ ತೆಗೆದುಬಿಡಿ. ಎರಡು ಎಲ್‌ಇಡಿಗಳನ್ನು ಒಂದರ ಧನ ತುದಿ ಇನ್ನೊಂದರ ಋಣ ತುದಿಗೆ ಬರುವಂತೆ ಅಕ್ಕಪಕ್ಕ ಜೋಡಿಸಿ, ಆ ಜೋಡಿಯನ್ನು ಮೋಟಾರಿನ ಒಂದು ತಂತಿಯಲ್ಲಿ ಸೇರಿಸಿ. ಪ್ರತಿ ದಿಕ್ಕಿಗೂ ಒಂದು ದೀಪ ಉರಿಯುತ್ತದೆ, ಉರಿಯುವುದು ಆರಿರುವುದನ್ನು ಹಿಮ್ಮುಖ ವೋಲ್ಟೇಜ್‌ನಿಂದ ಕಾಪಾಡುತ್ತದೆ. ಮೋಟಾರಿಗೆ 10 ವೋಲ್ಟ್ ಸಿಗುತ್ತದೆ, ಅಷ್ಟು ಸಾಕು. ಸಾಲಿನಲ್ಲಿ ಎಲ್ಲಿಯಾದರೂ ತಂತಿ ಕಡಿದರೆ ದೀಪವೂ ಆರುತ್ತದೆ ಎಂಬುದು ಈ ಜೋಡಣೆ ನನಗೆ ಮೆಚ್ಚುಗೆಯಾಗಲು ಮುಖ್ಯ ಕಾರಣ. ಆದರೆ ಎರಡು ಸುರುಳಿಗಳ ಸೊಲೆನಾಯ್ಡ್ ಯಂತ್ರಗಳಿಗೆ (ವಿದ್ಯುತ್ಕಾಂತದ ಸೆಳೆತದಿಂದ ಪಾಯಿಂಟ್ ಬದಲಿಸುವಂಥವು) ಇದನ್ನು ಎಂದಿಗೂ ಮಾಡಬಾರದು. ಅವು ಒಂದೇ ಏಟಿಗೆ ಆಂಪಿಯರ್‌ಗಟ್ಟಲೆ ಎಳೆದು ಎಲ್‌ಇಡಿಯನ್ನು ಸುಟ್ಟುಬಿಡುತ್ತವೆ.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಆ ದೀಪ ಹೇಳುವುದು ನೀವು ಸ್ವಿಚ್ಚನ್ನು ಯಾವ ಕಡೆಗೆ ತಿರುಗಿಸಿದ್ದೀರಿ ಎಂಬುದನ್ನು, ಪಾಯಿಂಟ್ ಅಲ್ಲಿಗೆ ತಲುಪಿತೇ ಎಂಬುದನ್ನಲ್ಲ. ಜಲ್ಲಿ ಸಿಕ್ಕಿಕೊಂಡು ಮೋಟಾರು ಅರ್ಧದಲ್ಲಿ ನಿಂತರೂ ಅದು ಉರಿಯುತ್ತಲೇ ಇರುತ್ತದೆ. ಟಾರ್ಟಾಯ್ಸ್‌ನೊಳಗೆ ಅದು ಸರಿದಂತೆ ತಾವೂ ಬದಲಾಗುವ ಎರಡು ಜೊತೆ ಸ್ವಿಚ್ ಸಂಪರ್ಕಗಳಿವೆ. ಒಂದನ್ನು ಫ್ರಾಗ್‌ನ (ಪಾಯಿಂಟ್‌ನಲ್ಲಿ ಎರಡು ಹಳಿಗಳು ಅಡ್ಡಹಾಯುವ ಭಾಗ) ಧ್ರುವ ಬದಲಿಸಲು ಇಟ್ಟುಕೊಂಡು, ಇನ್ನೊಂದರ ಮೂಲಕ ದೀಪಗಳಿಗೆ ವಿದ್ಯುತ್ ಕೊಡಬಹುದು. ಇಲ್ಲಿ ಮಾತ್ರ 1000 ಓಮ್ ರೆಸಿಸ್ಟರ್ ಬೇಕು, 10 ಮಿಲಿಆಂಪಿಯರ್ ಹರಿಯುತ್ತದೆ. ಫಲಕದವರೆಗೆ ತಂತಿಗಳು ಹೆಚ್ಚುತ್ತವೆ ಎಂಬುದು ನಿಜ. ಫಲಕದಿಂದ ಕಾಣದ ಪಾಯಿಂಟ್‌ಗಳಿಗಷ್ಟೇ ಹೀಗೆ ಮಾಡಿದರೂ ಸಾಕು. ಮೋಟಾರಿನಿಂದ ಪಾಯಿಂಟ್‌ಗೆ ಹೋಗುವ ಸ್ಪ್ರಿಂಗ್ ತಂತಿಯೇ ಕಳಚಿಕೊಂಡರೆ ಈ ದೀಪವೂ ಸುಳ್ಳು ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಉತ್ತರ 3

ಬ್ಲಾಕ್ ದೀಪಗಳ ಬಗ್ಗೆ ಮಾತ್ರ ಹೇಳುತ್ತೇನೆ. ಹಳಿಯ ವೋಲ್ಟೇಜ್ ರೈಲಿನ ವೇಗದೊಡನೆ ಏರಿಳಿಯುವುದರಿಂದ ಅಲ್ಲಿಂದ ತೆಗೆದ ದೀಪ ಸ್ಥಿರವಾಗಿ ಉರಿಯಲಾರದು. ಬ್ಲಾಕ್‌ಗೂ ಡಿಪಿಡಿಟಿ ಸ್ವಿಚ್ಚನ್ನೇ ಹಾಕಿ, ಒಂದು ಅರ್ಧದಲ್ಲಿ ಹಳಿಯ ವಿದ್ಯುತ್ತನ್ನೂ ಇನ್ನೊಂದು ಅರ್ಧದಲ್ಲಿ ಪ್ರತ್ಯೇಕ 12 ವೋಲ್ಟ್‌ನಿಂದ ದೀಪವನ್ನೂ ನಡೆಸಿ. ಈ ಎರಡು ಸಾಲುಗಳು ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ರೆಸಿಸ್ಟರ್ ತೆಗೆದು ಜೋಡಿ ಎಲ್‌ಇಡಿ ಹಾಕಿದ ಮೇಲೆ ಎಂಟೂ ಪಾಯಿಂಟ್‌ಗಳು ಎರಡೂ ಕಡೆಗೆ ಹೊರಳುತ್ತಿವೆ. ಒಂದರಲ್ಲಿ ಮಾತ್ರ, ಪಾಯಿಂಟ್ ನೇರ ಹಳಿಗೆ ಇದ್ದಾಗ ತಿರುವಿನ ದೀಪ ಉರಿಯುತ್ತದೆ. ಮೋಟಾರಿನ ತಂತಿಗಳನ್ನು ಅದಲುಬದಲು ಮಾಡಬೇಕೇ?

ಉತ್ತರ 1

ಮೊದಲು ಸ್ವಿಚ್ಚಿನ ಸನ್ನೆ ಯಾವ ಕಡೆಗಿದೆ ಎಂದು ನೋಡಿ. ಅದು ಪಾಯಿಂಟ್‌ಗೆ ಹೊಂದಿಕೊಂಡಿದ್ದು ದೀಪ ಮಾತ್ರ ತಪ್ಪಿದ್ದರೆ, ಎಲ್‌ಇಡಿ ಜೋಡಿಯ ಎರಡು ತುದಿಗಳನ್ನು ಅದಲುಬದಲು ಮಾಡಿ, ಮೋಟಾರನ್ನು ಮುಟ್ಟಬೇಡಿ. ಸನ್ನೆ ದೀಪಕ್ಕೆ ಹೊಂದಿಕೊಂಡು ಪಾಯಿಂಟ್ ಮಾತ್ರ ವಿರುದ್ಧವಾಗಿದ್ದರೆ, ಆಗ ಮೋಟಾರಿನ ಕಾಲುಗಳಲ್ಲಿ ಎರಡು ತಂತಿಗಳನ್ನು ಬದಲಿಸಿ.