ಹುರಿಯುವ ಯಂತ್ರದ ಜಿಎಸ್‌ಟಿ: ರಿಫಂಡ್ ಸಿಗುತ್ತದೆಯೇ, ಹಿಂದಿರುಗಿಸಬೇಕೇ?

ಪ್ರಶ್ನೆ (ಚಿಕ್ಕಮಗಳೂರು)

ನಮ್ಮದು ಕಾಫಿಪುಡಿ ಅಂಗಡಿ. ತಿಂಗಳಿಗೆ ಸುಮಾರು 2 ಲಕ್ಷ ರೂಪಾಯಿ ವಹಿವಾಟು ನಡೆಯುತ್ತದೆ, ಅದರಲ್ಲಿ 1.2 ಲಕ್ಷ ಪುಡಿಯದ್ದು, 80,000 ಹುರಿಯದ ಬೀಜದ್ದು. ಚೆನ್ನೈಗೂ ಪುಡಿ ಕಳುಹಿಸುವುದರಿಂದ ನೋಂದಣಿ ಮಾಡಿಸಿದ್ದೇವೆ. 5 ಲಕ್ಷದ ಹುರಿಯುವ ಯಂತ್ರ ಕೊಂಡಾಗ ಕೊಟ್ಟ 90,000 ತೆರಿಗೆ ಕ್ರೆಡಿಟ್ ಲೆಡ್ಜರಿನಲ್ಲಿ (ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಲು ಇರುವ ಖಾತೆ) ಹಾಗೆಯೇ ಉಳಿದಿದೆ. ಯಂತ್ರಕ್ಕೂ ಪ್ಯಾಕಿಂಗ್ ಕವರಿಗೂ ಶೇ 18, ಪುಡಿಗೆ ಶೇ 5 ಆಗಿರುವುದರಿಂದ ರಿಫಂಡ್ ಕೇಳಬಹುದೆಂದು ಒಬ್ಬರು ಹೇಳಿದರೆ, ಬೀಜಕ್ಕೆ ತೆರಿಗೆಯಿಲ್ಲದ ಕಾರಣ ಯಂತ್ರದ ಕ್ರೆಡಿಟ್ಟಿನಲ್ಲಿ ಶೇ 40ನ್ನು ಬಿಟ್ಟುಕೊಡಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ದಯವಿಟ್ಟು ತಿಳಿಸಿ.

ಉತ್ತರ (ಹಾಸನ)

ಎರಡೂ ಸರಿಯಲ್ಲ. ಮೊದಲು ಬಿಟ್ಟುಕೊಡುವ ಮಾತನ್ನು ನೋಡೋಣ. ಯಾವ ವಸ್ತು ಯಾವ ಮಾಲಿಗೆ ಬಳಕೆಯಾಗುತ್ತದೆ ಎಂಬುದರ ಮೇಲೆ ಕ್ರೆಡಿಟ್ ನಿಲ್ಲುತ್ತದೆಯೇ ಹೊರತು ಅಂಗಡಿಯ ಒಟ್ಟು ವಹಿವಾಟಿನ ಪಾಲನ್ನು ಪ್ರತಿಯೊಂದು ಬಿಲ್ಲಿಗೂ ಹಚ್ಚುವಂತಿಲ್ಲ. ಯಂತ್ರದಲ್ಲಿ ಹುರಿಯುವುದೆಲ್ಲ ತೆರಿಗೆಯಿರುವ ಪುಡಿಯೇ ಆದ್ದರಿಂದ 90,000 ಪೂರ್ತಿ ನಿಮ್ಮದು. ಪುಡಿಯ ಕವರಿಗೂ ಇದೇ ಮಾತು. ಅಂಗಡಿ ಬಾಡಿಗೆ ಹಾಗಲ್ಲ, ಅದು ಎರಡೂ ಮಾಲಿಗೆ ಸೇರಿದ್ದು. ಬಾಡಿಗೆ 10,000 ಇದ್ದು ಅದಕ್ಕೆ 1,800 ತೆರಿಗೆ ಬಂದರೆ, ಜಿಎಸ್‌ಟಿ ನಿಯಮ 42ರ ಪ್ರಕಾರ ಅದರ ಶೇ 40, ಅಂದರೆ 720 ರೂಪಾಯಿಯನ್ನು ಜಿಎಸ್‌ಟಿಆರ್-3ಬಿ ರಿಟರ್ನಿನ 4(ಬಿ)(1) ಕೋಷ್ಟಕದಲ್ಲಿ ಹಿಂದಿರುಗಿಸಬೇಕು. ಬೀಜದ ಮಾರಾಟ ಸುಗ್ಗಿಗೆ ತಕ್ಕಂತೆ ಏರಿಳಿಯುವುದರಿಂದ, ವರ್ಷ ಮುಗಿದ ಮೇಲೆ ಇಡೀ ವರ್ಷದ ವಹಿವಾಟಿಗೆ ಈ ಲೆಕ್ಕವನ್ನು ಮತ್ತೆ ಮಾಡಲೇಬೇಕು. ಬಹಳಷ್ಟು ಅಂಗಡಿಗಳಲ್ಲಿ ಬಿಟ್ಟುಹೋಗುವುದು ಇದೇ.

ಇನ್ನು ರಿಫಂಡ್. ಜಿಎಸ್‌ಟಿ ಕಾಯ್ದೆಯ ಕಲಂ 54(3)ರಡಿ ದರದ ವ್ಯತ್ಯಾಸಕ್ಕೆ ಸಿಗುವ ರಿಫಂಡಿನ ಲೆಕ್ಕಕ್ಕೆ ಕಚ್ಚಾ ಸಾಮಗ್ರಿ, ಕವರು ಮುಂತಾದವುಗಳ ತೆರಿಗೆ ಮಾತ್ರ ಸೇರುತ್ತದೆ. ಯಂತ್ರ ವರ್ಷಗಟ್ಟಲೆ ಬಳಸುವ ಬಂಡವಾಳ ಸರಕಾದ್ದರಿಂದ ಸೇರುವುದಿಲ್ಲ. ಕವರಿನಿಂದಲೂ ನಿಮಗೆ ಕ್ರೆಡಿಟ್ ಉಳಿಯದು, ಏಕೆಂದರೆ ಕೆ.ಜಿ.ಗೆ 600 ರೂಪಾಯಿಯ ಪುಡಿಗೆ ತೆರಿಗೆ 30 ರೂಪಾಯಿ ಬರುವಾಗ 10 ರೂಪಾಯಿಯ ಕವರಿಗೆ ಕೊಟ್ಟದ್ದು 1 ರೂಪಾಯಿ 80 ಪೈಸೆ ಮಾತ್ರ. ಹಾಗಾಗಿ ಅರ್ಜಿ ಹಾಕಬೇಡಿ. ಪುಡಿಯ ಮೇಲೆ ತಿಂಗಳಿಗೆ 6,000 ತೆರಿಗೆ ಬರುತ್ತದೆ. 720 ಹಿಂದಿರುಗಿಸಿದ ಮೇಲೆ ಉಳಿಯುವ ಬಾಡಿಗೆಯ ಕ್ರೆಡಿಟ್ 1,080 ಕಳೆದು ಉಳಿದದ್ದಕ್ಕೆ ಯಂತ್ರದ ಕ್ರೆಡಿಟ್ ಬಳಸಿದರೆ ಒಂದೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಅದು ಮುಗಿಯುತ್ತದೆ. ಲೆಡ್ಜರಿಗೆ ಬಂದ ಕ್ರೆಡಿಟ್ ಮಾರ್ಚ್ ಕಳೆದರೂ ರದ್ದಾಗುವುದಿಲ್ಲ.

ಪ್ರಶ್ನೆ (ಚಿಕ್ಕಮಗಳೂರು)

ಧನ್ಯವಾದ ಸರ್. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಅವರು ಬರೀ ರಸೀದಿ ಕೊಡುತ್ತಾರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರದ ಬೆಲೆ 5.9 ಲಕ್ಷ ಎಂದು ಬರೆದಿದೆ. ಇದರಿಂದ ತೊಂದರೆಯೇ?

ಉತ್ತರ (ಹಾಸನ)

ಎರಡನ್ನೂ ಈಗಲೇ ಸರಿಪಡಿಸಿಕೊಳ್ಳಿ. ನೋಂದಣಿಯಿಲ್ಲದವರಿಂದ ವಾಣಿಜ್ಯ ಕಟ್ಟಡ ಬಾಡಿಗೆಗೆ ಪಡೆದರೆ, 2024ರ ಅಕ್ಟೋಬರ್ 10ರಿಂದ ತೆರಿಗೆ ಕಟ್ಟುವ ಹೊಣೆ ಬಾಡಿಗೆದಾರರದ್ದು. ಆ 1,800ನ್ನು ಲೆಡ್ಜರಿನ ಕ್ರೆಡಿಟ್ಟಿನಿಂದ ತೀರಿಸಲಾಗದು, ನಗದಾಗಿಯೇ ಕಟ್ಟಬೇಕು. ಕಟ್ಟಿದ ನಂತರ ಮೇಲೆ ಹೇಳಿದಂತೆ 1,080 ಕ್ರೆಡಿಟ್ ಪಡೆಯಬಹುದು. ಹಿಂದಿನ ತಿಂಗಳುಗಳ ಬಾಕಿ ಇದ್ದರೆ ಬಡ್ಡಿ ಸಮೇತ ತೀರಿಸಿ.

ಯಂತ್ರದ ವಿಷಯ ಇನ್ನೂ ಗಂಭೀರವಾದದ್ದು. 5.9 ಲಕ್ಷದಲ್ಲಿ ಸೇರಿರುವ 90,000 ತೆರಿಗೆಯ ಮೊತ್ತಕ್ಕೂ ಸವಕಳಿ (ಯಂತ್ರ ಸವೆಯುವುದಕ್ಕೆಂದು ಆದಾಯದಿಂದ ವರ್ಷವರ್ಷ ಕಳೆಯುವ ಮೊತ್ತ) ತೆಗೆದುಕೊಂಡರೆ ಜಿಎಸ್‌ಟಿ ಕಾಯ್ದೆಯ ಕಲಂ 16(3)ರ ಪ್ರಕಾರ ಆ ಕ್ರೆಡಿಟ್ಟಿಗೆ ನೀವು ಅರ್ಹರೇ ಅಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರಿಗೆ ತಿಳಿಸಿ, ಸವಕಳಿ ಪಟ್ಟಿಯಲ್ಲಿ ಯಂತ್ರದ ಬೆಲೆಯನ್ನು 5 ಲಕ್ಷಕ್ಕೆ ಇಳಿಸಿ ಬರೆಯಿಸಿ.